ಒಂಬತ್ತು ಫ್ಲಾಪಿಗೆ ಕುಂಕುಮ

ಆಗ ನನಗೆ ಐವತ್ತೆರಡು ವರ್ಷ. ಮೂವತ್ತೊಂದು ವರ್ಷದ ಹಿಂದಿನ ಮಾತು. ನನ್ನ ಮಗಳ ನಾಲ್ಕು ತಿಂಗಳ ಕೆಲಸವನ್ನು ನಾನು ಒಂದೇ ಬೆಳಗಿನಲ್ಲಿ ಕೆಡಿಸಿದೆ. ಕೆಡಿಸಬೇಕೆಂದು ಮಾಡಿದ್ದಲ್ಲ, ಒಳ್ಳೆಯದಾಗಲೆಂದು ಮಾಡಿದ್ದು. ಆದರೆ ಕೆಟ್ಟದ್ದು ಕೆಟ್ಟದ್ದೇ.

ನನ್ನ ಗಂಡ ನೌಕಾಪಡೆಯಲ್ಲಿ ರೇಡಿಯೋ ರಿಪೇರಿಯ ಕೆಲಸದಲ್ಲಿದ್ದವರು. ಮದುವೆಯಾದ ವರ್ಷವೇ ನಾನು ಗದಗದ ಕಡೆಯಿಂದ ವಿಶಾಖಪಟ್ಟಣಕ್ಕೆ ಬಂದೆ. ಅವರು ನಿವೃತ್ತರಾದ ಮೇಲೂ ಅಲ್ಲೇ ಉಳಿದೆವು. ಒಬ್ಬಳೇ ಮಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ವಿಜಯವಾಡದ ಗಂಡನ್ನು ತಾನೇ ನೋಡಿಕೊಂಡಳು, ನಾವು ಅಕ್ಕಿಕಾಳು ಹಾಕಿದೆವು. ಅಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅದೇ ಊರಿನ ಪಟಮಟದಲ್ಲಿ ಮನೆ. ಮನೆಯಲ್ಲಿ ಅವರ ತಾಯಿಯೂ ಇದ್ದರು. ನಮಗೆ ಬೀಗತಿ. ನನಗಿಂತ ನಾಲ್ಕು ವರ್ಷ ದೊಡ್ಡವರು, ಗೋದಾವರಿ ಕಡೆಯವರು, ಮಾತು ಕಡಿಮೆ. ನಾನು ಅವರನ್ನು ವೈನಿ ಎನ್ನುತ್ತಿದ್ದೆ, ಅವರು ನನ್ನನ್ನು ವದಿನಗಾರು ಎನ್ನುತ್ತಿದ್ದರು, ಎರಡೂ ಅತ್ತಿಗೆಯೇ. ಅವರು ಆಡುತ್ತಿದ್ದದ್ದು ತೆಲುಗೇ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮಗಳು ಶಾಲೆಯಲ್ಲಿ ಟೀಚರಾಗಿದ್ದಳು. ಆ ವರ್ಷ ಅದನ್ನು ಬಿಟ್ಟು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಟೈಪ್ ಮಾಡುವ ಕೆಲಸ ಹಿಡಿದಳು. ಯಾವುದೋ ಆಫೀಸಿನವರು ಬೇಡವೆಂದು ತೆಗೆದುಹಾಕಿದ ಕಂಪ್ಯೂಟರನ್ನು ಅಳಿಯ ರಿಕ್ಷಾದಲ್ಲಿ ಹೇರಿಕೊಂಡು ಬಂದಿದ್ದರು. ಅದರೊಳಗಿನ ಡಿಸ್ಕಿಗೆ ಮುಪ್ಪು ಬಂದಿತ್ತು. ಬೆಳಿಗ್ಗೆ ಒಮ್ಮೆಗೇ ತಿರುಗುತ್ತಿರಲಿಲ್ಲ. ಅಳಿಯ ಡಬ್ಬಿಯ ಮಗ್ಗುಲಿಗೆ ಬೆರಳ ಗಂಟಿನಿಂದ ಎರಡು ಪೆಟ್ಟು ಕೊಟ್ಟರೆ ಗುರ್ರೆಂದು ಏಳುತ್ತಿತ್ತು.

ಅದನ್ನು ಮೊದಲ ಸಲ ನೋಡಿದಾಗ ನಾನು ಮಗಳಿಗೆ ಅಂದೇಬಿಟ್ಟೆ. "ಸಾಲಿ ಬಿಟ್ಟು ಇದನ್ನ ಮಾಡ್ತೀಯೇನ? ಅದೂ ಗುದ್ದಿದ್ರ ಏಳೋ ಡಬ್ಬಿ ನಂಬ್ಕೊಂಡು?"

"ನಿನ್ನ ಮಿಕ್ಸಿನೂ ಗುದ್ದಿದ್ರನ ತಿರಗತದಲ್ಲ ಅವ್ವಾ. ಅದನ್ನ ನಂಬ್ಕೊಂಡು ನೀ ಚಟ್ನಿ ಮಾಡೂದಿಲ್ಲೇನು?"

ಅವಳ ಬಾಯಿ ನನ್ನದೇ.

ಊರಿನ ಹಳೆಯ ಪೇಟೆ ಒನ್ ಟೌನಿನಲ್ಲಿ ಒಬ್ಬ ಪುಸ್ತಕದಂಗಡಿಯವರಿದ್ದರು. ಮಕ್ಕಳ ಪರೀಕ್ಷೆಗೆ ಬೇಕಾದ ಗೈಡುಗಳನ್ನು ತಾವೇ ಅಚ್ಚು ಹಾಕಿಸಿ ಮಾರುವವರು. ಹತ್ತನೇ ತರಗತಿಯ ವಿಜ್ಞಾನದ ಗೈಡು, ಮುನ್ನೂರು ಪುಟದ್ದು, ಟೈಪ್ ಮಾಡಲು ಮಗಳಿಗೆ ಕೊಟ್ಟಿದ್ದರು. ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ದಸರಾ ಮುಗಿದ ಮರುದಿನ ಬೆಳಿಗ್ಗೆ ತಮ್ಮ ಮೇಜಿನ ಮೇಲೆ ಇರಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ, ಮುಂದೆಯೂ ಕೇಳಬೇಡಿ ಎಂದು ಮೊದಲೇ ಹೇಳಿದ್ದರಂತೆ. ಇದು ಹೋದರೆ ಮಗಳಿಗೆ ಶಾಲೆಯೂ ಇಲ್ಲ, ಇದೂ ಇಲ್ಲ.

ಡಿಸ್ಕನ್ನು ನಂಬುವಂತಿಲ್ಲವೆಂದು ಅವಳಿಗೂ ಗೊತ್ತಿತ್ತು. ಅದಕ್ಕೇ ದಿನಾ ಸಂಜೆ ಮಾಡಿದ್ದನ್ನೆಲ್ಲ ಫ್ಲಾಪಿಗಳಿಗೆ ಇಳಿಸಿ ಇಡುತ್ತಿದ್ದಳು. ಫ್ಲಾಪಿ ಈಗಿನವರಿಗೆ ಗೊತ್ತಿಲ್ಲ. ಅಂಗೈಗಿಂತ ದೊಡ್ಡ, ಚೌಕದ ಕರಿ ಚೀಲ. ಬಗ್ಗಿಸಿದರೆ ಬಗ್ಗುತ್ತದೆ. ಅದರೊಳಗೆ ಕಂದು ಬಣ್ಣದ ತೆಳ್ಳನೆಯ ಬಿಲ್ಲೆ, ನಡುವೆ ತೂತು. ಚೀಲದ ಕೆಳಭಾಗದಲ್ಲಿ ಒಂದು ಕಿಂಡಿ ಇರುತ್ತದೆ, ಬಿಲ್ಲೆ ಅಷ್ಟು ಮಾತ್ರ ಹೊರಗೆ ಕಾಣುತ್ತದೆ. ಯಂತ್ರ ಓದುವುದು ಆ ಕಿಂಡಿಯಲ್ಲೇ. ಇಂಥ ಒಂಬತ್ತು. ಯಂತ್ರ ಒಂದನೆಯದನ್ನು ಕೊಡು, ಎರಡನೆಯದನ್ನು ಕೊಡು ಎಂದು ಸಾಲಾಗಿ ಕೇಳುತ್ತದೆ. ನಡುವೆ ಒಂದು ಕೈಕೊಟ್ಟರೂ ಉಳಿದವು ಉಪಯೋಗಕ್ಕಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಆ ವರ್ಷ ದಸರೆಗೆ ನಾನೊಬ್ಬಳೇ ವಿಶಾಖಪಟ್ಟಣದಿಂದ ಬಂದೆ. ನನ್ನ ಗಂಡ ಬರಲಿಲ್ಲ. ಬೀಗರ ಮನೆಯಲ್ಲಿ ಬನಿಯನ್ ಮೇಲೆ ಕೂರಲು ಆಗುವುದಿಲ್ಲ ಎಂಬುದು ಅವರ ಕಷ್ಟ.

ಅಷ್ಟಮಿಯ ಸಂಜೆಗೆ ಮಗಳ ಕೆಲಸ ಮುಗಿಯಿತು. ಕೊನೆಯ ಪುಟ ಹೊಡೆದು, ಒಂಬತ್ತಕ್ಕೂ ಇಳಿಸಿ, ಪೆಟ್ಟಿಗೆಯಲ್ಲಿಟ್ಟಳು. ಅಂಗಡಿಯವರು ಬೇರೆ ಹತ್ತು ಹೊಸ ಫ್ಲಾಪಿ ಕೊಟ್ಟಿದ್ದರು. ಅವುಗಳಲ್ಲಿ ಹಾಕಿ ಕೊಡುವ ಕೆಲಸವೊಂದು ಬಾಕಿ. ದಶಮಿಯ ದಿನ ಮಾಡಿದರಾಯಿತು ಎಂದಳು.

ಮರುದಿನ ನವಮಿ, ಆಯುಧ ಪೂಜೆ. ಮಗಳು, ಅಳಿಯ ಬೆಳಿಗ್ಗೆಯೇ ಬೆಟ್ಟದ ಮೇಲಿನ ಅಮ್ಮನ ದರ್ಶನಕ್ಕೆ ಹೋದರು. ದಸರೆಯಲ್ಲಿ ಆ ಸಾಲು ಮಧ್ಯಾಹ್ನಕ್ಕೂ ಮುಗಿಯುವುದಿಲ್ಲ. ಮನೆಯಲ್ಲಿ ನಾವಿಬ್ಬರು ಮುದುಕಿಯರು. ಪೂಜೆ ನಾವೇ ಮಾಡೋಣ ಎಂದೆ. ನಮ್ಮ ಕಡೆ ಖಂಡೆ ನವಮಿಗೆ ಮನೆಯಲ್ಲಿ ಅನ್ನ ಕೊಡುವ ಒಂದು ಸಾಮಾನನ್ನೂ ಬಿಡುವುದಿಲ್ಲ. ಕುಡಗೋಲು, ಕೊಡಲಿಯಿಂದ ಹಿಡಿದು ಹೊಲಿಗೆಯ ಸೂಜಿಯವರೆಗೆ ತೊಳೆದು, ಒರೆಸಿ, ಕುಂಕುಮ ಇಡಬೇಕು. ಆ ದಿನ ಯಾವುದನ್ನೂ ಬಳಸಬಾರದು. ಒಂದು ದಿನ ಅವಕ್ಕೂ ರಜ.

ಅಳಿಯನ ಸ್ಕೂಟರಿಗೆ ಇಟ್ಟೆ, ಈಳಿಗೆಮಣೆಗೆ ಇಟ್ಟೆ, ಗ್ರೈಂಡರಿಗೆ ಇಟ್ಟೆ. ಕಂಪ್ಯೂಟರಿನ ಹಣೆಗೂ ಇಟ್ಟು ಚೆಂಡುಹೂವು ಏರಿಸಿದೆ. ಆಮೇಲೆ ಫ್ಲಾಪಿಯ ಪೆಟ್ಟಿಗೆ ಕಣ್ಣಿಗೆ ಬಿತ್ತು. ಮಗಳ ನಾಲ್ಕು ತಿಂಗಳ ದುಡಿಮೆ ಇದರೊಳಗೇ ಇದೆಯಲ್ಲ, ಇದನ್ನು ಬಿಡುವುದು ಹೇಗೆ?

ವೈನಿ ತಟ್ಟೆ ಹಿಡಿದು ನಿಂತಿದ್ದರು. "ವದಿನಗಾರೂ, ಇವಕ್ಕೂನಾ?"

"ಇವಕ್ಕ ಮೊದಲ ಇಡಬೇಕಾಗಿತ್ತು" ಎಂದೆ.

ಒಂದೊಂದನ್ನೂ ಕಾಗದದ ಹೊದಿಕೆಯಿಂದ ಹೊರಗೆ ತೆಗೆದೆ. ಎಲ್ಲಿ ಇಡುವುದು ಎಂದು ಯೋಚನೆ ಮಾಡಿಯೇ ಇಟ್ಟೆ. ಮೇಲುಗಡೆ ಮಗಳು ಪೆನ್ನಿನಲ್ಲಿ ಬರೆದು ಅಂಟಿಸಿದ ಚೀಟಿ. ಒದ್ದೆ ಬೆರಳು ತಾಗಿದರೆ ಅಕ್ಷರ ಹರಡುತ್ತದೆ. ಕರಿ ಚೀಲದ ಮೇಲೆ ಇಟ್ಟರೆ ನಿಲ್ಲುವುದಿಲ್ಲ. ಕೆಳಗೆ ಕಿಂಡಿಯಲ್ಲಿ ನುಣ್ಣಗೆ ಹೊಳೆಯುವ ಜಾಗ ಕಂಡಿತು. ಅರಿಷಿಣದ ನೀರಿನಲ್ಲಿ ಬೆರಳದ್ದಿ ಕುಂಕುಮ ಒತ್ತಿದೆ. ಒಂಬತ್ತಕ್ಕೂ ಒಂದೇ ಅಳತೆ. ಆರಿದ ಮೇಲೆ ಹೊದಿಕೆಯೊಳಗೆ ಸೇರಿಸಿ ಪೆಟ್ಟಿಗೆ ಮುಚ್ಚಿದೆ. ಅಷ್ಟು ಜೋಪಾನವಾಗಿ ನನ್ನ ಮದುವೆಯಲ್ಲೂ ಯಾರೂ ನನಗೆ ಕುಂಕುಮ ಇಟ್ಟಿರಲಿಲ್ಲ.

ಸಂಜೆ ಮಗಳು ಬಂದು ಕಂಪ್ಯೂಟರಿನ ಹೂವು ನೋಡಿ ನಕ್ಕಳು. ಆಮೇಲೆ ಅಂದಳು, "ಅವ್ವಾ, ಒಂದ್ ಸ್ವಲ್ಪ ಹೊತ್ತು ಚಾಲೂ ಮಾಡಿ ಬಂದ್ ಮಾಡ್ತೀನಿ. ರಿಪೇರಿಯವ್ರು ಇದನ್ನ ಬಾಳ ಹೊತ್ತು ಬಂದ್ ಇಡಬ್ಯಾಡ್ರಿ ಅಂದಾರ."

"ಇವತ್ತ ಮುಟ್ಟಬಾರದು. ಒಂದ್ ದಿನ ಸುಮ್ನ ಕೂತ್ರ ಸತ್ತುಹೋಗ್ತದೇನು?"

"ಇರಲಿ ಬಿಡು, ಫ್ಲಾಪಿ ಅದಾವಲ್ಲ" ಎಂದು ಅವಳೂ ಬಿಟ್ಟಳು. ನಾನಿರದಿದ್ದರೆ ಹಾಕುತ್ತಿದ್ದಳು. ಅದೂ ನನ್ನ ಲೆಕ್ಕಕ್ಕೇ ಸೇರಬೇಕು.

ದಶಮಿಯ ಬೆಳಿಗ್ಗೆ ಅಳಿಯ ಗುಂಡಿ ಒತ್ತಿದರು. ಏಳಲಿಲ್ಲ. ಎರಡು ಪೆಟ್ಟು ಕೊಟ್ಟರು. ನಾಲ್ಕು ಕೊಟ್ಟರು. ಡಬ್ಬಿಯನ್ನು ಒಂದು ಕಡೆ ಬೆರಳಷ್ಟು ಎತ್ತಿ ಬಿಟ್ಟರು. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ಡಿಸ್ಕು ಮತ್ತೆಂದೂ ತಿರುಗಲಿಲ್ಲ.

ಮಗಳು ಹೆದರಲಿಲ್ಲ. "ಇದಕ್ಕನ ಅಲ್ಲ ನಾ ಇಳಿಸಿ ಇಟ್ಟಿದ್ದು" ಎನ್ನುತ್ತ ಪೆಟ್ಟಿಗೆ ತೆಗೆದು ಮೊದಲ ಫ್ಲಾಪಿಯನ್ನು ಹೊದಿಕೆಯಿಂದ ಎಳೆದಳು. ಕಿಂಡಿಯಲ್ಲಿ ಕೆಂಪಗೆ ಒಣಗಿದ ಬೊಟ್ಟು. ಎರಡನೆಯದನ್ನು ಎಳೆದಳು. ಮೂರನೆಯದನ್ನು ಎಳೆದಳು. ಆಮೇಲೆ ಎಳೆಯಲಿಲ್ಲ, ನೆಲದ ಮೇಲೆ ಕೂತಳು.

"ಯಾರು ಹಚ್ಚಿದ್ದು ಇದನ್ನ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹತ್ತಿರ ನಿಂತಿದ್ದ ವೈನಿ ಅಂದರು, "ನಾನೇ ಇಟ್ಟೆನಮ್ಮಾ. ನನಗೆ ತಿಳೀಲಿಲ್ಲ."

ಆ ಹೆಂಗಸು ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅತ್ತೆಯಾದವಳು ಸೊಸೆಯ ಮುಂದೆ ಹಾಗೆ ತಲೆ ತಗ್ಗಿಸುವುದು ಸಣ್ಣ ಮಾತಲ್ಲ. ಅವ್ವನ ಮೇಲೆ ಮಗಳಿಗೆ ಸಿಟ್ಟು ಬರಬಾರದು ಎಂದು ಅವರ ಲೆಕ್ಕ.

"ಸುಳ್ಳು. ಇಟ್ಟಾಕಿ ನಾನು. ಅವರು ತಟ್ಟೆ ಹಿಡಿದಿದ್ರು ಅಷ್ಟ" ಎಂದೆ.

ಮಗಳು ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನ ಕಡೆ ನೋಡದೆ ಮೆಲ್ಲಗೆ ಅಂದಳು, "ನೀ ಮೊದಲ ಅಂದಿದ್ದಿ, ಈ ಡಬ್ಬಿ ನಂಬಬ್ಯಾಡ ಅಂತ. ಖರೇ ಆತು."

ನಾನು ಅಂದದ್ದು ನಿಜವಾದದ್ದಕ್ಕೆ ನನಗೆ ಅಷ್ಟು ಕಹಿಯಾದದ್ದು ಅದೊಂದೇ ಸಲ. ಚಪ್ಪಲಿ ಮೆಟ್ಟಿ ಬೀದಿಯ ಕೊನೆಯ ಎಸ್‌ಟಿಡಿ ಬೂತಿಗೆ ನಡೆದೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಗೆ ಮಾಡಿ, ಅವರು ಕರೆದುಕೊಂಡು ಬರುವವರೆಗೆ ಕಾದು, ಇನ್ನೊಮ್ಮೆ ಮಾಡಬೇಕು. ಎರಡನೆಯ ಸಲಕ್ಕೆ ಗಂಡನ ದನಿ ಬಂತು. ಆದದ್ದನ್ನು ಆದ ಹಾಗೇ ಹೇಳಿದೆ.

"ಒಂಬತ್ತಕ್ಕೂ?" ಎಂದರು.

"ಒಂಬತ್ತಕ್ಕೂ."

"ಇಪ್ಪತ್ತೆಂಟ ವರ್ಷ ಹಡಗದ ಮ್ಯಾಲೆ ರೇಡಿಯೋ ಸೆಟ್ ಕಾಯ್ದೆ. ಸಮುದ್ರ ನುಗ್ಗಿತು, ಇಲಿ ಬಂದ್ವು. ನಿನ್ನಂಥಾ ಭಕ್ತಿ ಮಾತ್ರ ಬಂದಿರಲಿಲ್ಲ."

"ಬೈಯೂದು ಆಮ್ಯಾಲೆ ಬೈರಿ. ಈಗ ಏನ್ ಮಾಡ್ಲಿ?"

"ಎಣ್ಣಿ ಹಚ್ಚೀಯೇನು?"

"ಇಲ್ಲ. ಅರಿಷಿಣದ ನೀರು, ಕುಂಕುಮ."

"ಯಂತ್ರದಾಗ ಹಾಕ್ಯಾರೇನು?"

"ಇಲ್ಲ."

"ಹಂಗಾರ ತೊಳಿ."

ನನಗೆ ಅವರು ಹಾಸ್ಯ ಮಾಡುತ್ತಿದ್ದಾರೆ ಎನಿಸಿತು. ಹಾಸ್ಯವಲ್ಲ. ಹಡಗಿನಲ್ಲಿ ರೇಡಿಯೋದೊಳಗೆ ಉಪ್ಪುನೀರು ಹೊಕ್ಕರೆ ಅವರು ಮೊದಲು ಮಾಡುತ್ತಿದ್ದ ಕೆಲಸವೇ ಅದಂತೆ. ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸುವುದು. ನೀರಿಗೆ ಹೆದರಬೇಡ, ನೀರಿನಲ್ಲಿರುವ ಉಪ್ಪಿಗೆ, ಮಣ್ಣಿಗೆ ಹೆದರು ಎಂದರು. ಚೀಲದ ಒಂದು ಅಂಚನ್ನು ಬ್ಲೇಡಿನಿಂದ ಕೊಯ್ದು ಬಿಲ್ಲೆ ಹೊರಗೆ ತೆಗೆಯಬೇಕು. ನಲ್ಲಿ ನೀರು ಬೇಡ, ಬಿಳಿ ಕಲೆ ಉಳಿಯುತ್ತದೆ, ಸ್ಕೂಟರಿನ ಬ್ಯಾಟರಿಗೆ ಹಾಕುವ ನೀರು ಬೇಕು. ಒಂದು ಹನಿ ಶಾಂಪೂ. ಉಜ್ಜಬಾರದು. ಫ್ಯಾನು ಹಾಕಬಾರದು, ದೂಳು ಕೂರುತ್ತದೆ. ಹೊಸ ಫ್ಲಾಪಿ ಒಂದನ್ನು ಖಾಲಿ ಮಾಡಿ ಅದರ ಚೀಲದಲ್ಲಿ ತೊಳೆದ ಬಿಲ್ಲೆ ಹಾಕಿ ಓದಿಸಬೇಕು. ಕೊನೆಗೆ ಅಂದರು, "ಮ್ಯಾಲಿನ ಮಗ್ಗಲು ಮ್ಯಾಲೆ ಇರಬೇಕು. ಮಗ್ಗಲು ತಪ್ಪಿದ್ರ ಓದೂದಿಲ್ಲ. ಇಷ್ಟೂ ನೆನಪಿರ್ತದೇನು, ಇಲ್ಲಾ ಅದಕ್ಕೂ ಒಂದು ಬೊಟ್ಟು ಇಟ್ಕೋತಿ?"

"ಇರ್ತದ" ಎಂದು ಫೋನು ಇಟ್ಟೆ.

ಮನೆಗೆ ಬಂದು ಹೇಳಿದಾಗ ಮಗಳು ನಂಬಲಿಲ್ಲ. ಅಳಿಯ ನಂಬಿದರು. ಮಾವನ ಕೈಕೆಲಸದ ಮೇಲೆ ಅವರಿಗೆ ಮೊದಲಿನಿಂದ ಗೌರವ. ಅವರಲ್ಲಿ ಬ್ಯಾಟರಿ ನೀರಿನ ಬಾಟಲಿ ಇತ್ತು. ಲೆಕ್ಕವೂ ಸರಿಹೋಯಿತು. ಹೊಸ ಫ್ಲಾಪಿ ಹತ್ತು. ಒಂದು ಚೀಲಕ್ಕೆ ಹೋದರೆ ಉಳಿದದ್ದು ಒಂಬತ್ತು. ಒಂದೂ ಕೆಡುವಂತಿಲ್ಲ. ಹಬ್ಬಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದವು.

ಯಾವ ಬಿಲ್ಲೆ ಎಷ್ಟನೆಯದೆಂದು ಗುರುತು ಹಾಕಲು ಪೆನ್ನು ಆಗುವುದಿಲ್ಲ, ನೀರಿಗೆ ಹರಡುತ್ತದೆ ಎಂದಳು ಮಗಳು. ಆಗ ವೈನಿ ಅಡುಗೆಮನೆಗೆ ಹೋಗಿ ಒಂಬತ್ತು ಊಟದ ತಟ್ಟೆ ತಂದು ಜಗುಲಿಯಲ್ಲಿ ಸಾಲಾಗಿ ಹಾಕಿದರು. ಒಂದೊಂದು ಬಿಲ್ಲೆಗೆ ಒಂದೊಂದು ತಟ್ಟೆ, ಪಕ್ಕದಲ್ಲಿ ಅದರದರ ಹಳೆಯ ಚೀಲ. ಪಂಕ್ತಿಗೆ ಎಲೆ ಹಾಕಿದಂತಿತ್ತು.

ಅಳಿಯ ಕೊಯ್ದು ಕೊಟ್ಟರು. ನಾನು ತೊಳೆದೆ. ಅಗಲವಾದ ಪಾತ್ರೆಯಲ್ಲಿ ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದು ಅಲ್ಲಾಡಿಸುವುದು, ಕುಂಕುಮ ತಾನಾಗಿ ಬಿಡುವವರೆಗೆ ಕಾಯುವುದು. ಕುಂಕುಮ ಬೇಗ ಬಿಟ್ಟಿತು, ಅರಿಷಿಣ ಹಟ ಮಾಡಿತು. ಬೆರಳ ತುದಿಯಿಂದ ನೀರಿನೊಳಗೇ ಸವರಿದೆ, ಹಸುಗೂಸಿನ ಕಣ್ಣ ಪಿಸುರು ತೆಗೆಯುವ ಹಾಗೆ. ಉಪಾಯವಿರಲಿಲ್ಲ, ಅದೊಂದನ್ನು ಗಂಡನ ಮಾತು ಮೀರಿ ಮಾಡಿದೆ.

ಒರೆಸುವ ಕೆಲಸ ವೈನಿಯದು. ತೀರಿಹೋದ ಗಂಡನ ಪಂಚೆಯೊಂದನ್ನು ಪೆಟ್ಟಿಗೆಯಿಂದ ತೆಗೆದು ತಂದರು. ಒಗೆದೂ ಒಗೆದೂ ಅದರಲ್ಲಿ ನೂಲಿನ ಜುಂಜು ಒಂದೂ ಉಳಿದಿರಲಿಲ್ಲ. ಬೇರೆ ಬಟ್ಟೆ ತರಿಸೋಣ ಎಂದೆ. ಇದೇ ಆಗಬೇಕು ಎಂದರು. ಗೋದಾವರಿ ಕಡೆ ಪೂತರೇಕು ಎಂದು ಒಂದು ಸಿಹಿ ಮಾಡುತ್ತಾರೆ. ಅಕ್ಕಿಹಿಟ್ಟಿನ ಹಾಳೆ, ಈರುಳ್ಳಿ ಸಿಪ್ಪೆಗಿಂತ ತೆಳು, ಉಸಿರು ಜೋರಾಗಿ ಬಿಟ್ಟರೆ ಹರಿಯುತ್ತದೆ. ಅದನ್ನು ಮಡಿಚಿ ಬೆಳೆದ ಕೈ ಅವರದು. ಆ ಬಿಲ್ಲೆಗಳಿಗೆ ಒಂದು ಮಡಿಕೆ ಬೀಳಲಿಲ್ಲ.

ವಿಜಯವಾಡದ ಸೆಕೆ, ಫ್ಯಾನಿಲ್ಲ. ನಾವು ಬೆವರು ಬೀಳದಂತೆ ಹಣೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದೆವು. ಜಮ್ಮಿ ಎಲೆ, ಎಂದರೆ ನಮ್ಮ ಬನ್ನಿ, ಕೊಡಲು ಬಂದ ಎದುರು ಮನೆಯಾಕೆ ಆ ತಟ್ಟೆಗಳನ್ನೂ ನಮ್ಮ ಹಣೆಗಳನ್ನೂ ನೋಡಿ, ಇದು ನಿಮ್ಮ ಕನ್ನಡದವರ ವ್ರತವಾ ಎಂದು ಕೇಳಿದಳು.

"ಹೌದು, ಪ್ರಾಯಶ್ಚಿತ್ತದ್ದು" ಎಂದರು ವೈನಿ. ಮಗಳು ಆ ದಿನ ಮೊದಲ ಸಲ ನಕ್ಕಳು.

ಮಧ್ಯಾಹ್ನಕ್ಕೆ ಒಣಗಿದವು. ಡಿಸ್ಕು ಸತ್ತರೂ ಯಂತ್ರವನ್ನು ಎಬ್ಬಿಸುವ ಫ್ಲಾಪಿ ಬೇರೆಯದು, ಅದು ಒಂದು ಪುಸ್ತಕದ ನಡುವೆ ಇದ್ದದ್ದರಿಂದ ನನ್ನ ಕೈಗೆ ಸಿಕ್ಕಿರಲಿಲ್ಲ. ಅದನ್ನು ಹಾಕಿ ಎಬ್ಬಿಸಿದರು. ಫ್ಲಾಪಿ ಹಾಕಲು ಎರಡು ಬಾಯಿಗಳಿದ್ದವು. ಒಂದರಲ್ಲಿ ತೊಳೆದದ್ದು, ಇನ್ನೊಂದರಲ್ಲಿ ಹೊಸದು. ಮಗಳು ಏನೋ ಒತ್ತಿದಳು. ಅಗಿಯುವಂಥ ಸದ್ದು ಬಂತು, ನಿಂತಿತು, ಮತ್ತೆ ಬಂತು.

"ಒಂದನೇದು ಬಂತು" ಎಂದಳು.

ಬಿಲ್ಲೆ ತೆಗೆದು ಅದೇ ಚೀಲಕ್ಕೆ ಮುಂದಿನದನ್ನು ಸೇರಿಸಿಕೊಡುವುದು ವೈನಿ. ಎರಡು ಬಂತು. ಮೂರು, ನಾಲ್ಕು, ಐದು ಬಂದವು. ಆರನೆಯದಕ್ಕೆ ಯಂತ್ರ ಕರಕರ ಎಂದಿತು, ಓದಲಾಗದು ಎಂದು ಬರೆಯಿತು. ಮತ್ತೆ ಒತ್ತಿದಳು. ಅದೇ. ಮೂರನೆಯ ಸಲವೂ ಅದೇ.

ಮಗಳು ಕುರ್ಚಿಯ ಬೆನ್ನಿಗೆ ಒರಗಿ ಕಣ್ಣು ಮುಚ್ಚಿದಳು. ಅಳಿಯ, ಪರವಾಗಿಲ್ಲ, ನಾನು ಅಂಗಡಿಯವರ ಹತ್ತಿರ ಮಾತಾಡುತ್ತೇನೆ ಎಂದರು. ಮಾತಾಡಿ ಏನೂ ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ನನ್ನ ಬಾಯಲ್ಲಿ ಒಂದು ಮಾತು ಕೂತಿತ್ತು. ತೊಳೆಯುವಾಗ ಈ ಆರನೆಯ ಬಿಲ್ಲೆ ಕೈಯಿಂದ ಜಾರಿ ಪಾತ್ರೆಯ ತಳಕ್ಕೆ ಹೋಗಿತ್ತು. ತೆಗೆದು ತಟ್ಟೆಗೆ ಹಾಕಿದ್ದೆ. ಯಾವ ಮಗ್ಗುಲು ಮೇಲಿತ್ತೆಂದು ನೋಡಿರಲಿಲ್ಲ. ಆಗಲೇ ಹೇಳಬೇಕಿತ್ತು. ಒಂದು ಬೆಳಿಗ್ಗೆಗೆ ಒಂದು ತಪ್ಪು ಒಪ್ಪಿಕೊಂಡದ್ದು ಸಾಕು ಎನಿಸಿತ್ತು.

"ಅದು ನನ್ನ ಕೈಯಾಗಿಂದ ಜಾರಿತ್ತು. ಮಗುಚಿ ಹಾಕ್ರಿ" ಎಂದೆ.

ವೈನಿ ಬಿಲ್ಲೆ ತೆಗೆದು, ಮಗುಚಿ, ಚೀಲಕ್ಕೆ ಸೇರಿಸಿದರು. ಮಗಳು ಒತ್ತಿದಳು. ಅಗಿಯುವ ಸದ್ದು ಬಂತು, ನಿಂತಿತು, ಬಂತು.

"ಆರನೇದು ಬಂತು. ಇನ್ನೇನರೆ ಜಾರಿದ್ರ ಈಗನ ಹೇಳಿಬಿಡವ್ವಾ."

"ಇಲ್ಲ. ಅದೊಂದ."

ಒಂಬತ್ತೂ ಬಂದವು. ಆದರೆ ಬಂದವು ಎಂದರೆ ಒಂದರಿಂದ ಇನ್ನೊಂದಕ್ಕೆ ಹೋದವು ಎಂದಷ್ಟೇ. ಬೇರೆ ಕಂಪ್ಯೂಟರಿನಲ್ಲಿ ಸಾಲಾಗಿ ಹಾಕಿ ಒಟ್ಟುಗೂಡಿಸಿದಾಗಲೇ ಪುಸ್ತಕವಾಗುತ್ತದೋ ಇಲ್ಲವೋ ತಿಳಿಯುವುದು ಎಂದಳು ಮಗಳು. ನಮ್ಮದರ ಡಿಸ್ಕು ಸತ್ತಿತ್ತಲ್ಲ. ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತೆವು, ತಟ್ಟೆಗಳನ್ನು ತೊಳೆದು.

ಮರುದಿನ ಬೆಳಿಗ್ಗೆ ಅಳಿಯ ಸ್ಕೂಟರಿನಲ್ಲಿ ಒಯ್ದು ಕೊಡುತ್ತೇನೆ ಎಂದರು. ಸ್ಕೂಟರಿನ ಕುಲುಕಾಟಕ್ಕೆ, ದೂಳಿಗೆ ನಾನು ಅವನ್ನು ಕೊಡುವುದಿಲ್ಲ ಎಂದೆ. ಹೊಸ ಒಂಬತ್ತನ್ನೂ ಹಿತ್ತಾಳೆಯ ಡಬ್ಬಿಯಲ್ಲಿ ಬಟ್ಟೆಯ ನಡುವೆ ಇಟ್ಟುಕೊಂಡು ಸಿಟಿ ಬಸ್ಸು ಹತ್ತಿದೆ. ವೈನಿಯೂ ಬಂದರು. ಮಗಳು ಬರುತ್ತೇನೆ ಎಂದದ್ದಕ್ಕೆ ಬೇಡವೆಂದೆ. ಪುಸ್ತಕವಾಗದೆ ಹೋದರೆ ಅಂಗಡಿಯವರು ಅನ್ನುವುದನ್ನು ನಾನು ಕೇಳಿಸಿಕೊಳ್ಳಬೇಕು, ಅವಳಲ್ಲ.

ಒನ್ ಟೌನಿನ ಗಲ್ಲಿಯಲ್ಲಿ ಅಂಗಡಿ ಆಗ ತಾನೇ ತೆರೆದಿತ್ತು. ಅಂಗಡಿಯವರು ನಮ್ಮಿಬ್ಬರನ್ನೂ ನೋಡಿ, ಗೈಡು ಬೇಕೇ, ಯಾವ ತರಗತಿಗೆ ಎಂದು ಕೇಳಿದರು. ಡಬ್ಬಿ ತೆರೆದು ತೋರಿಸಿದೆ. ಕೊಟ್ಟು ಹೋಗಿ, ಆಮೇಲೆ ನೋಡುತ್ತೇನೆ ಎಂದರು. ಈಗಲೇ ನೋಡಿ, ನೋಡುವವರೆಗೆ ಹೋಗುವುದಿಲ್ಲ ಎಂದೆ. ಕುರ್ಚಿ ಕೊಟ್ಟರು, ವೈನಿ ಕೂತರು, ನಾನು ಕೂರಲಿಲ್ಲ. ಅಂಗಡಿಯವರು ಒಂದೊಂದಾಗಿ ತಮ್ಮ ಕಂಪ್ಯೂಟರಿಗೆ ಹಾಕುತ್ತ ಹೋದರು. ಆರನೆಯದಕ್ಕೆ ವೈನಿ ನನ್ನ ಸೆರಗು ಹಿಡಿದುಕೊಂಡರು. ಒಂಬತ್ತು ಮುಗಿದ ಮೇಲೆ ಪರದೆಯ ಮೇಲೆ ತೆಲುಗು ಅಕ್ಷರಗಳು ತುಂಬಿಕೊಂಡವು. ನನಗೆ ಓದಲು ಬಾರದು. ವೈನಿಯನ್ನು ನೋಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ಮೊದಲ ಪುಟ ಗಟ್ಟಿಯಾಗಿ ಓದಿದರು, ಬೆಳಕು ಕನ್ನಡಿಯಿಂದ ಹೇಗೆ ತಿರುಗುತ್ತದೆ ಎಂಬ ಪಾಠ. ಕೊನೆಯ ಪುಟವನ್ನೂ ತೋರಿಸಿ ಎಂದೆ. ತೋರಿಸಿದರು. ವೈನಿ ಅದನ್ನೂ ಓದಿದರು.

ಅಂಗಡಿಯವರು ಒಳಗೆ ಹೋಗಿ ದಪ್ಪನೆಯ ಕಾಗದದ ಕಟ್ಟೊಂದನ್ನು ತಂದರು. ಒಂಬತ್ತನೇ ತರಗತಿಯ ಗೈಡು, ಟೈಪ್ ಮಾಡಲು ನಿಮ್ಮ ಹುಡುಗಿಗೆ ಕೊಡಿ ಎಂದರು. ಅದನ್ನು ವೈನಿಯ ಮಡಿಲಿಗೆ ಹಾಕಿ, ಆಮೇಲೆ ನಾನೂ ಕೂತೆ.